ಹುಲ್ಲು ಬೆರೆಸಿದ ಒಡ್ಡು

ಒಡ್ಡಿನ ಬುಡದಲ್ಲಿ ನೀರು ಜಿನುಗುವುದು ಸಬೋಹತ್‌ಗೆ ಹೊಸದಲ್ಲ. ನಿನ್ನೆಯವರೆಗೂ ಅದು ತಿಳಿಯಾಗಿತ್ತು. ಮೂರು ದಿನ ಬಿಡದೆ ಮಳೆ ಹೊಡೆದ ಮೇಲೆ, ಈ ಬೆಳಿಗ್ಗೆ ಕೊಡ ಹಿಡಿದು ಹೋದರೆ ಹಳದಿಯಾಗಿ ಬರುತ್ತಿತ್ತು. ಜೊತೆಗೆ ಕೊಳೆತ ಹುಲ್ಲಿನ ಎಳೆಗಳು.

ಬೆಟ್ಟದ ಕೆಸರು ಪ್ರತಿ ವಸಂತದಲ್ಲೂ ಚಶ್ಮಾಕ್ ಹಳ್ಳಿಯೊಳಗೆ ನುಗ್ಗುತ್ತದೆಂದು ಆರು ವರ್ಷದ ಹಿಂದೆ ಊರವರೆಲ್ಲ ಸೇರಿ ಹಾಕಿದ ಒಡ್ಡು. ಮುಂದೆ ನಿಂತು ಕಟ್ಟಿಸಿದವನು ಅವಳ ಮಾವ, ಗೋಡೆ ಕಟ್ಟುವ ಉಸ್ತಾದ್ ನಜರ್. ಮನೆಯ ಗೋಡೆಗೆ ಹಾಕುವಂತೆಯೇ ಮಣ್ಣಿಗೆ ಗೋಧಿ ಹುಲ್ಲು ಕಲಸಿಸಿದ್ದ. ಜಿಲ್ಲೆಯಿಂದ ಬಂದ ಎಂಜಿನಿಯರು ನೀರಿಗೆ ಕೊಳೆಯುತ್ತದೆ, ಹುಲ್ಲು ಬೇಡವೆಂದಾಗ, "ನಮ್ಮಪ್ಪನ ಗೋಡೆಗೆ ನಿಮ್ಮಪ್ಪನಷ್ಟು ವಯಸ್ಸಾಯ್ತು, ಇನ್ನೂ ಅಲ್ಲಾಡಿಲ್ಲ" ಎಂದು ಊರನ್ನೆಲ್ಲ ನಗಿಸಿದ್ದ.

ಸಬೋಹತ್ ಮದುವೆಯಾಗಿ ಬಂದು ಎಂಟು ತಿಂಗಳು. ಹೊಸ ಸೊಸೆ ಮಾವನೆದುರು ಬಾಯಿ ತೆರೆಯುವಂತಿರಲಿಲ್ಲ. ಏನಿದ್ದರೂ ಅತ್ತೆಗೆ ಹೇಳಬೇಕು. ಹೇಳಿದಳು.

"ಅವರ ಕೆಲಸಕ್ಕೇ ಹೆಸರಿಡ್ತೀಯೇನೆ?" ಎಂದು ಅತ್ತೆ ಓಯ್ಶಾ ಗದರಿದಳು. ಆಮೇಲೆ ಚಹಾ ಬಗ್ಗಿಸುತ್ತ ಗಂಡನಿಗೆ, "ರೀ, ನೀರು ಸ್ವಲ್ಪ ಕದಡಿದೆಯಂತೆ" ಎಂದಷ್ಟೇ ಅಂದಳು.

"ಮಳೆ ಬಂದ್ರೆ ಕದಡದೆ ಹಾಲಾಗುತ್ತಾ? ಸೋಸಿ ಕುಡೀರಿ."

ಪರದೆಯ ಹಿಂದೆ ಸಬೋಹತ್ ಸೆರಗು ಕಚ್ಚಿದಳು. ಹುಲ್ಲಿನ ಮಾತು ಅತ್ತೆಯ ಬಾಯಲ್ಲೇ ಉಳಿದುಹೋಗಿತ್ತು.

ಮಧ್ಯಾಹ್ನ ಮತ್ತೆ ಹೋದಳು. ನೀರು ತೋಳಿನ ದಪ್ಪಕ್ಕೆ ಬರುತ್ತಿತ್ತು. ಕೆಳಗೆ ಒಂಬತ್ತು ಮನೆ, ಒಲೆಗಳ ಹೊಗೆ. ಹಿಡಿ ಹುಲ್ಲು ಬಾಚಿಕೊಂಡು ಓಡಿದಳು. ಊಟಕ್ಕೆ ಹಾಸಿದ್ದ ಬಟ್ಟೆಯ ಮೇಲೆ, ರೊಟ್ಟಿಯ ಪಕ್ಕದಲ್ಲೇ ಅದನ್ನಿಟ್ಟಳು.

"ಮಾವ, ಏಳಿ. ಇದು ಒಡ್ಡಿನೊಳಗಿಂದ ಬಂದಿದ್ದು."

ಸೊಸೆಯ ದನಿಯನ್ನು ನಜರ್ ಕೇಳಿದ್ದು ಅದೇ ಮೊದಲು. ಹುಲ್ಲನ್ನು ಹಿಸುಕಿದ. ಗೊಬ್ಬರದಂತೆ ಬೆರಳ ಸಂದಿಯಿಂದ ಇಳಿಯಿತು.

"ಎಷ್ಟು ದಪ್ಪ ಬರ್ತಿದೆ, ಮಗಳೇ?"

ಅವಳು ತೋಳು ತೋರಿಸಿದಳು.

ಬರಿಗಾಲಲ್ಲೇ ಮನೆಮನೆಯ ಬಾಗಿಲು ಬಡಿದ. "ಗೋರಿದಿಣ್ಣೆ ಹತ್ತಿ! ಕುರಿ ಬಿಟ್ಟು ಹತ್ತಿ!"

"ಅಲ್ಲಾಡಲ್ಲ ಅಂದಿದ್ರಲ್ಲ ಉಸ್ತಾದ್?" ಒಬ್ಬ ಬಾಗಿಲಲ್ಲೇ ನಿಂತು ಕೆಣಕಿದ.

"ನಾನು ಹೇಳಿದ್ದು ತಪ್ಪು ಕಣೋ. ಹತ್ತು!"

ಎಲ್ಲರೂ ಹತ್ತಿದರು. ಕೊನೆಯ ಮನೆಯಲ್ಲಿ ಕಾಲಿಲ್ಲದ ಖೋಲ್ಮುರೋದ್ ಒಬ್ಬನೇ ಉಳಿದಿದ್ದ. ಅವನನ್ನು ಹೊತ್ತು ತರಲು ನಜರ್ ಒಳಗೆ ಹೋದ. ಒಡ್ಡು ಸದ್ದು ಮಾಡಲಿಲ್ಲ. ನಡುವೆ ಮೆಲ್ಲಗೆ ಕುಸಿಯಿತು, ಅಷ್ಟೆ. ಕೆಸರು ಹಾದುಹೋದ ಮೇಲೆ ಆ ಮನೆ ಅಲ್ಲಿರಲಿಲ್ಲ.

ನಜರ್ ಸತ್ತ ಮೂರನೆಯ ದಿನ ಹೆಂಗಸರೆಲ್ಲ ಸುತ್ತ ಕೂತಿದ್ದಾಗ ಓಯ್ಶಾ ಸೊಸೆಯ ಕಡೆ ತಿರುಗಿದಳು.

"ಅವತ್ತು ಬೆಳಿಗ್ಗೇನೇ ಅವರಿಗೇ ಹೇಳೋಕೆ ಏನಾಗಿತ್ತೆ ನಿಂಗೆ? ನಾಲಗೆ ಇತ್ತಲ್ಲ!"

ಹೆಂಗಸರು ಸಬೋಹತ್‌ಳ ಮುಖ ನೋಡಿದರು. ಅವಳು ತಲೆ ಎತ್ತಿ ಅತ್ತೆಯನ್ನು ನೋಡಿದಳು. ಬಗ್ಗಿ ಅವಳ ಬಟ್ಟಲಿಗೆ ಚಹಾ ಸುರಿದಳು.