ಬಯ್ಯೋಕೊಂದು ಹಾಡು

ಮನಾಯಾ, ನಿನ್ನ ಮೆಸೇಜು ಬಂತು ಕಣಮ್ಮ. ಕನ್ನಡಕ ಎಲ್ಲಿಟ್ಟಿದ್ದೀನೋ ಗೊತ್ತಿಲ್ಲ, ಅದಕ್ಕೇ ಬರೆಯೋ ಬದ್ಲು ಮಾತಾಡ್ತಿದ್ದೀನಿ. ಆಕ್ಲೆಂಡಲ್ಲಿ ಬೆಳಿಗ್ಗೆ ಎದ್ರೆ ಮನಸ್ಸು ಭಾರ ಆಗಿರುತ್ತೆ, ಕೆಲ್ಸಕ್ಕೆ ಹೋಗೋ ರೈಲಲ್ಲಿ ಕೇಳೋಕೆ ಮನಸ್ಸು ಎತ್ತೋ ಅಂಥ ಹಾಡು ಕಳ್ಸು ತಾತ ಅಂದಿದ್ದೀಯ. ಕಳಿಸ್ತೀನಿ. ಆದ್ರೆ ಮೊದ್ಲು ನೀನು ಕಳಿಸಿದ್ದೀಯಲ್ಲ, ಉಸಿರು ಬಿಡ್ತಾ ಬಿಡ್ತಾ ಹಾಡೋ ಹುಡುಗೀದು, ಅದನ್ನ ಅಳಿಸ್ಹಾಕು. ಅದು ಹಾಡಲ್ಲ, ನೆಗಡಿ.

ಬೇಜಾರು ಮಾಡ್ಕೋಬೇಡ. ನಂದು ಬಸ್ ಓಡಿಸಿದೋನ ಕಿವಿ. ಸಮೋವಾದಲ್ಲಿ ಬಸ್ಸಿನ ಟೈಮು ಯಾರು ನೋಡ್ತಾರೆ ಹೇಳು, ಯಾವ ಬಸ್ಸಲ್ಲಿ ಯಾವ ಹಾಡು ಅಂತ ನೋಡ್ಕೊಂಡು ಹತ್ತುತಾರೆ. ಹಾಡಿಗೆ ನಂದೊಂದೇ ಪರೀಕ್ಷೆ. ಗುಡ್ಡ. ಆಪಿಯಾ ಪೇಟೆಗೆ ಹೋಗ್ಬೇಕಾದ್ರೆ ಗುಡ್ಡ ಹತ್ತಲೇಬೇಕಲ್ಲ, ಬಸ್ ತುಂಬ ಜನ, ಜನರ ತೊಡೆ ಮೇಲೆ ಜನ, ಕೆಸುವಿನ ಗೆಡ್ಡೆ ಬುಟ್ಟಿ, ಕಾಲು ಕಟ್ಟಿದ ಕೋಳಿ. ಎರಡನೇ ಗೇರಲ್ಲಿ ಇಂಜಿನ್ನು ಗೊರಗೊರ ಅನ್ನುತ್ತೆ. ಆವಾಗ ಹಾಡು ಬಸ್ಸನ್ನ ಹಿಂದಿಂದ ತಳ್ಳಬೇಕು. ಇಳಿಜಾರಲ್ಲಿ ಎಂಥ ಹಾಡಾದ್ರೂ ಚೆನ್ನಾಗೇ ಕೇಳ್ಸುತ್ತೆ, ಅದನ್ನ ನಂಬಬಾರ್ದು. ಗಿಟಾರಿನೋನು ನಾಲ್ಕು ಸಲ ಒಂದೇ ಮಾತು ಹೇಳಿದ್ರೆ ಅವನ ಹತ್ರ ಬೇರೆ ಮಾತಿಲ್ಲ ಅಂತ ಅರ್ಥ. ಹಾಡಿನ ಮಧ್ಯ ಮಳೆ ಸದ್ದು ಹಾಕ್ತಾರಲ್ಲ ಕೆಲವ್ರು, ಅವರ ಮನೆ ಸೂರು ಯಾವತ್ತೂ ಸೋರಿಲ್ಲ.

ತಡಿ, ಕೋಕೋ ಉಕ್ಕಿತು.

ಹಾಂ. ಫೋನಿನ ಬಟನ್ನಿಂದ ಬೆರಳು ತೆಗೆದ್ಬಿಟ್ಟೆ, ಅದಕ್ಕೆ ಕಟ್ಟಾಯ್ತು. ಏನ್ ಹೇಳ್ತಿದ್ದೆ? ಸಿಯೆನಿ ಅಕ್ಕನ ವಿಷ್ಯ ಹೇಳ್ಬೇಕು ನಿಂಗೆ. ಹಾಡು ಬೇಕು ಅಂದಿದ್ದೀಯಲ್ಲ, ಅದಕ್ಕೇ.

ಸಿಯೆನಿ ಅಕ್ಕ ನಮ್ಮೂರ ಚರ್ಚಲ್ಲಿ ಹಾಡಿಸೋಳು. ದಪ್ಪ ಹೆಂಗಸು, ಬಿಳೀ ಹ್ಯಾಟು, ಕೈಯಲ್ಲೊಂದು ಬೀಸಣಿಗೆ. ಯಾರಾದ್ರೂ ಸ್ವರ ತಪ್ಪಿದ್ರೆ ಆ ಬೀಸಣಿಗೆ ನಿಂತೋಗೋದು. ಅಷ್ಟೇ. ಎಂಥ ಗಂಡಸಾದ್ರೂ ಬೆವರೋನು. ಆಮೇಲೆ ಅವಳ ಕಿಡ್ನಿ ಕೆಟ್ಟೋಯ್ತು. ವಾರಕ್ಕೆ ಮೂರು ದಿನ ಆಪಿಯಾ ಆಸ್ಪತ್ರೇಲಿ ಡಯಾಲಿಸಿಸ್ಸು. ಸೋಮವಾರ, ಬುಧವಾರ, ಶುಕ್ರವಾರ. ನನ್ನ ಬಸ್ಸು, ನನ್ನ ಹಿಂದಿನ ಸೀಟು. ಸೂಜಿ ಚುಚ್ಚೋ ಕೈ ಕಿಟಕಿ ಕಡೆ ಇಟ್ಕೊಂಡು ಕೂರೋಳು, ಆ ಕಡೆ ತೊಡೆ ಮೇಲೆ ಯಾರೂ ಕೂರ್ತಿರ್ಲಿಲ್ಲ.

ನನ್ನ ಹಾಡು ಅವಳಿಗೆ ಆಗ್ತಾನೇ ಇರ್ಲಿಲ್ಲ. ಇಳಿಯೋವಾಗ ಪ್ರತಿಸಲ ಒಂದು ತೀರ್ಪು ಕೊಟ್ಟೇ ಇಳಿಯೋಳು.

"ಲೋ ಫಾತು, ಇವತ್ತಿನ ಹಾಡಿಗೆ ಮೂಗಿಲ್ಲ ಕಣೋ."

"ಹಾಡಿಗೆ ಮೂಗು ಯಾಕಕ್ಕ?"

"ಉಸಿರಾಡೋಕೆ. ಅವನು ಒಂದು ಸಾಲಿಗೂ ಇನ್ನೊಂದು ಸಾಲಿಗೂ ಮಧ್ಯ ಉಸಿರೇ ಎಳೀತಿಲ್ಲ. ಕೇಳಿ ಕೇಳಿ ನಂಗೇ ದಮ್ಮು ಬಂತು."

ಇನ್ನೊಂದಿನ, "ಈ ಹೆಂಗಸು ಯಾರೋ, ಮೀನು ಮಾರೋಳ ಥರ ಪ್ರೀತಿ ಮಾಡ್ತಾಳೆ." ಮುಂದಿನ ಸೀಟಲ್ಲಿ ನಿಜವಾಗ್ಲೂ ಒಬ್ಳು ಮೀನು ಮಾರೋಳು ಕೂತಿದ್ಲು. "ಮೀನು ಮಾರೋರ ಪ್ರೀತಿ ನಿಂಗೇನ್ ಗೊತ್ತು ಸಿಯೆನಿ" ಅಂದ್ಲು. ಬಸ್ಸೆಲ್ಲ ನಗು. ಗುಡ್ಡ ಹತ್ತಿದ್ದೇ ಗೊತ್ತಾಗ್ಲಿಲ್ಲ ಅವತ್ತು.

ನಾನೂ ಬಿಡ್ತಿರ್ಲಿಲ್ಲ. ಮಾರ್ಕೆಟ್ಟಲ್ಲಿ ಸುಲು ಅಂತ ಒಬ್ಳು ಹಳೇ ಫೋನು ಮಾರ್ತಿದ್ಲು, ಪೆನ್ ಡ್ರೈವಿಗೆ ಹಾಡೂ ತುಂಬಿಸ್ಕೊಡೋಳು. ಅವಳ ಹತ್ರ ಹೋಗಿ, ಅಕ್ಕನ ಬಾಯಿ ಮುಚ್ಚಿಸೋ ಅಂಥದ್ದು ಏನಾದ್ರೂ ಇದ್ರೆ ಹಾಕೇ ಅಂತಿದ್ದೆ. ಒಂದೇ ಒಂದು ಸಲ ಅಕ್ಕನ ಬಾಯಲ್ಲಿ "ಹೂಂ, ಪರವಾಗಿಲ್ಲ" ಅನ್ನಿಸ್ಬೇಕು ಅಂತ ನಂಗೆ ಹಠ. ಅನ್ನಿಸೋಕಾಗ್ಲೇ ಇಲ್ಲ.

ಒಂದು ಬುಧವಾರ ಅಕ್ಕ ಬಸ್ಸಿಗೆ ಬರ್ಲಿಲ್ಲ. ಅವಳ ಮನೆ ರಸ್ತೆ ಪಕ್ಕದಲ್ಲೇ, ಗೋಡೆಯಿಲ್ಲದ ಮನೆ, ಕಂಬದ ಮಧ್ಯ ಎಲ್ಲ ಕಾಣ್ಸುತ್ತೆ. ಚಾಪೆ ಮೇಲೆ ಕೂತಿದ್ಲು. ಹಾರ್ನ್ ಹೊಡ್ದೆ. ಕೈಯಾಡಿಸಿ ಹೋಗು ಅಂದ್ಲು. ಮಗಳು ತಿರೇಸಾ ಓಡಿ ಬಂದ್ಲು, ಕಣ್ಣೆಲ್ಲ ಕೆಂಪು.

"ಅಮ್ಮ ಇನ್ನು ಸಾಕು ಅಂತಾಳೆ ಮಾವ. ಹೋಗಲ್ವಂತೆ."

"ಇವತ್ತು ಹೋಗಲ್ವಾ?"

"ಇನ್ಯಾವತ್ತೂ ಹೋಗಲ್ವಂತೆ. ಪಾದ್ರಿಗಳು ಬಂದು ಹೇಳಿದ್ರು. ಡಾಕ್ಟ್ರು ಫೋನ್ ಮಾಡಿದ್ರು. ಹೀಗೇ ಬಿಟ್ರೆ ತುಂಬ ದಿನ ಉಳಿಯಲ್ಲ ಅಂತ ಅವಳ ಎದುರಿಗೇ ಅಂದ್ರು. ಗೊತ್ತು ಅಂದ್ಲು."

ನಾನು ಇಳಿದು ಹೋದೆ. ಬಸ್ಸಲ್ಲಿ ಜನ ಕಾಯ್ತಿದ್ರು, ಕಾಯ್ಲಿ. ಅಕ್ಕನ ಕಾಲು ಊದಿತ್ತು. "ಬಾರಕ್ಕ, ಇವತ್ತು ತುಂಬಾ ಕೆಟ್ಟ ಹಾಡಿದೆ" ಅಂದೆ. ನಗ್ಲಿಲ್ಲ.

"ವಾರದಲ್ಲಿ ಮೂರು ದಿನ ಸೂಜಿ ಕಣೋ ಫಾತು. ಮಿಕ್ಕಿದ್ದು ಮೂರು ದಿನ ಸುಸ್ತು. ಭಾನುವಾರ ಚರ್ಚಿಗೆ ಹೋದ್ರೆ ಒಂದು ಸಾಲು ಹಾಡೋಕೆ ಉಸಿರಿಲ್ಲ, ಸುಮ್ನೆ ಬಾಯಾಡಿಸ್ತೀನಿ. ಬದುಕೋಕೆ ಅಂತ ಯಾವ ದಿನ ಉಳೀತು ಹೇಳು. ಹೋಗು, ಜನ ಕಾಯ್ತಿದ್ದಾರೆ."

ಹೋದೆ. ಇನ್ನೇನ್ ಮಾಡ್ಲಿ? ಅವಳು ಹೇಳಿದ್ದು ಸುಳ್ಳೂ ಅಲ್ಲ. ಆ ದಿನ ಹಾಡೇ ಹಾಕ್ಲಿಲ್ಲ.

ಶುಕ್ರವಾರಾನೂ ಬರ್ಲಿಲ್ಲ. ಅವತ್ತು ಮಾರ್ಕೆಟ್ಟಲ್ಲಿ ಸುಲು ಪೆನ್ ಡ್ರೈವ್ ಕೊಡ್ತಾ, "ನಾನೇ ಮಾಡಿದ್ದು ಒಂದು ಹಾಕಿದ್ದೀನಿ, ಕೇಳಿ ಹೇಳು" ಅಂದ್ಲು. ವಾಪಸ್ ಬರ್ತಾ ಟೈರ್ ಪಂಕ್ಚರ್ ಆಗಿ ಲೇಟಾಯ್ತು. ಊರು ಹತ್ರ ಬರೋ ಹೊತ್ತಿಗೆ ಹೊತ್ತು ಮುಳುಗ್ತಿತ್ತು. ಜನ ನಿದ್ದೆ. ಆಗ ಆ ಹಾಡು ಶುರುವಾಯ್ತು ನೋಡು.

ಮೊದ್ಲು ಬರೀ ತಾಳ, ಡಬ್ಬ ಬಡಿದ ಹಾಗೆ. ಆಮೇಲೆ ಹೆಂಗಸರ ದನಿ. ನಮ್ಮ ಚರ್ಚಿನ ಹಾಡು ಕಣೇ. ಎಷ್ಟೋ ವರ್ಷದ ಹಿಂದೆ ನಮ್ಮೂರೋರು ಕ್ಯಾಸೆಟ್ ಮಾಡಿದ್ರು, ಅದು. ಎಲ್ಲರ ಮೇಲೆ ತೇಲ್ತಾ ಇರೋ ಆ ಒಂದು ದನಿ ಸಿಯೆನಿ ಅಕ್ಕಂದು. ಹರೇದ ದನಿ. ಅದರ ಕೆಳಗೆ ಸುಲು ಬಸ್ಸಿನ ತಾಳ ಕೂರಿಸಿದ್ಲು. ನಂಗೆ ನಗು ಬಂತು. ಅಕ್ಕ ಹಿಂದಿನ ಸೀಟಲ್ಲಿದ್ದಿದ್ರೆ ಎಷ್ಟು ಬಯ್ತಿದ್ಲು ಅಂದ್ಕೊಂಡು ವಾಲ್ಯೂಮ್ ಏರಿಸ್ಬಿಟ್ಟೆ.

ಏರಿಸಿದ್ನಾ, ಶಂಖ ಕೇಳಿಸ್ಲಿಲ್ಲ. ನೀನು ಅಲ್ಲಿ ಬೆಳೆದೋಳು, ನಿಂಗೆ ಗೊತ್ತಿದ್ಯೋ ಇಲ್ವೋ. ಸಂಜೆ ಶಂಖ ಊದಿದ್ರೆ 'ಸಾ'. ಊರೆಲ್ಲ ಪ್ರಾರ್ಥನೆಗೆ ಕೂರುತ್ತೆ, ರಸ್ತೇಲಿ ನಾಯೀನೂ ಓಡಾಡಲ್ಲ, ಬಸ್ಸು ಊರಾಚೆ ಇಂಜಿನ್ ಆರಿಸಿ ನಿಲ್ಲಬೇಕು. ಹಿಂದೆ ಒಬ್ಬ ಬಸ್ಸಿನ ಸೂರು ಬಡಿದ. ಇಳೀಬೇಕಾದ್ರೆ ಬಡೀತಾರಲ್ಲ, ಹಾಗಂತ ನಾನು, "ನಿನ್ನ ಮನೆ ಇನ್ನೂ ಬಂದಿಲ್ಲ ಕಣಯ್ಯ" ಅಂದು ಹೋಗ್ತಾನೇ ಇದ್ದೆ.

ಸಿಯೆನಿ ಅಕ್ಕನ ಮನೆ ಮುಂದೆ ಪ್ರಾರ್ಥನೆ ಹೊತ್ತಲ್ಲಿ ರಸ್ತೆ ಕಾಯೋ ಗಂಡಸರು ಲುಂಗಿ ಉಟ್ಕೊಂಡು ರಸ್ತೆಗೆ ಅಡ್ಡ ನಿಂತಿದ್ರು. ಕೀ ತಿರುಗಿಸ್ದೆ. ಇಂಜಿನ್ ನಿಂತಿತು. ಹಾಡು ನಿಲ್ಲಲಿಲ್ಲ. ಸ್ಪೀಕರಿಗೆ ಬೇರೆ ಬ್ಯಾಟ್ರಿ ಹಾಕಿಸಿದ್ದೆ, ದೊಡ್ಡ ಜಾಣ ಅಂತ. ಊರೆಲ್ಲ ಗಪ್‌ಚಿಪ್, ಮಧ್ಯದಲ್ಲಿ ಡಬಡಬ ಡಬಡಬ ಅಕ್ಕನ ಹಾಡು. ಪೆನ್ ಡ್ರೈವ್ ಕೀಳೋಕೆ ಹೋದ್ರೆ ಬೆರಳಿಗೇ ಸಿಗ್ತಿಲ್ಲ. ಮೂರನೇ ಚರಣ ಮುಗಿಯೋ ಹೊತ್ತಿಗೆ ಸಿಕ್ತು. ತಲೆಯೆತ್ತಿ ನೋಡಿದ್ರೆ, ಮನೆಯೊಳಗೆ ಎಲ್ರೂ ತಲೆ ತಗ್ಗಿಸಿ ಪ್ರಾರ್ಥನೆ, ಅಕ್ಕ ಒಬ್ಳು ಮಾತ್ರ ತಲೆಯೆತ್ತಿ ನನ್ನೇ ನೋಡ್ತಿದ್ಲು.

ನೀರು ಕುಡಿದು ಬಂದೆ. ಮಾತು ಜಾಸ್ತಿಯಾಯ್ತು, ಗೊತ್ತು.

ಮಾರನೇ ದಿನ ಪಂಚಾಯ್ತಿ. ಯಜಮಾನ್ರೆಲ್ಲ ಕಂಬಕ್ಕೆ ಒರಗಿ ಕೂತಿದ್ರು, ನಾನು ಮಧ್ಯದಲ್ಲಿ ಚಾಪೆ ಮೇಲೆ. ಹಿರಿಯ ಯಜಮಾನ್ರು ಲೆಯಾಟಾ ಕೇಳಿದ್ರು.

"ಫಾತು, ಶಂಖ ಕೇಳಿಸ್ಲಿಲ್ವಾ?"

"ಇಲ್ಲ ಯಜಮಾನ್ರೆ."

"ನಿನ್ನ ಹಾಡು ಮಾತ್ರ ನಮಗೆಲ್ಲ ಕೇಳಿಸ್ತು. ನನ್ನ ಹೆಂಡ್ತಿ ಪ್ರಾರ್ಥನೆ ಮಾಡ್ತಾ ಭುಜ ಕುಣಿಸಿದ್ಲು. ಅದರ ಪಾಪ ಯಾರಿಗೆ?"

ದಂಡ ಒಂದು ಹಂದಿ, ಡಬ್ಬಿ ಮೀನಿನ ಪೆಟ್ಟಿಗೆಗಳು. ಸರಿ ಅಂತ ತಲೆ ಬಗ್ಗಿಸ್ದೆ. ಅಷ್ಟರಲ್ಲಿ ತಿರೇಸಾ ಹೆಗಲು ಹಿಡ್ಕೊಂಡು, ಹೆಜ್ಜೆ ಹೆಜ್ಜೆಗೂ ನಿಂತು ನಿಂತು, ಸಿಯೆನಿ ಅಕ್ಕ ಬಂದ್ಲು. ಕೈಯಲ್ಲಿ ಬೀಸಣಿಗೆ.

"ಮೀನು, ಹಂದಿ ನೀವು ತಿನ್ಕೊಳ್ಳಿ" ಅಂದ್ಲು. "ನನ್ನ ದಂಡ ಬೇರೆ. ಅದು ನನ್ನ ಹಾಡು. ನನ್ನ ಕೇಳ್ದೆ ಅದಕ್ಕೆ ಡಬ್ಬ ಕಟ್ಟಿದ್ದಾರೆ. ಕಟ್ಟೋದು ಕಟ್ಟಿದ್ರು, ನೆಟ್ಟಗೆ ಕಟ್ಟಬಾರ್ದಾ? ಮೂರನೇ ಚರಣದಲ್ಲಿ ತಾಳ ಒಂದು ಕೂದಲೆಳೆ ಮುಂದೆ ಓಡುತ್ತೆ. ರಾತ್ರಿಯೆಲ್ಲ ನಿದ್ದೆಯಿಲ್ಲ ನಂಗೆ. ಯಾರೋ ಮಾಡಿದ್ದು?"

"ಮಾರ್ಕೆಟ್ಟಲ್ಲಿ ಸುಲು ಅಂತ ಅಕ್ಕ."

"ಕರ್ಕೊಂಡ್ ಬಾ ಅವಳನ್ನ."

ಕರೆದಿದ್ರೆ ಸುಲು ಓಡೋಡಿ ಬರೋಳು, ಮನಾಯಾ. ಅಷ್ಟು ಒಳ್ಳೆ ಹೆಂಗಸು. ಆದ್ರೆ ನನ್ನ ಬಾಯಿಗೆ ಏನಾಯ್ತೋ, ಯಜಮಾನ್ರ ಎದುರಿಗೇ ಹೇಳ್ಬಿಟ್ಟೆ. "ಅವಳು ಬರಲ್ಲ ಅಕ್ಕ. ಹಳ್ಳಿಗೆಲ್ಲ ಬರೋಳಲ್ಲ. ಬೇಕಾದ್ರೆ ನೀನೇ ಹೋಗ್ಬೇಕು."

ಅಕ್ಕ ನನ್ನ ಮುಖ ನೋಡಿದ್ಲು. ಲೆಯಾಟಾನೂ ನೋಡಿದ್ರು. ಆಪಿಯಾ ಮಾರ್ಕೆಟ್ಟಿಗೂ ಆಸ್ಪತ್ರೆಗೂ ಎಷ್ಟು ಹತ್ರ ಅಂತ ಆ ಮನುಷ್ಯನಿಗೆ ಚೆನ್ನಾಗೇ ಗೊತ್ತು. ಸುಲುವನ್ನ ಮಾತ್ರ ಅವ್ರು ಜನ್ಮದಲ್ಲಿ ಒಂದ್ಸಲಾನೂ ನೋಡಿರ್ಲಿಲ್ಲ. ಗಂಟ್ಲು ಸರಿ ಮಾಡ್ಕೊಂಡು, "ಹೌದು ಹೌದು, ಆ ಸುಲು ಬಹಳ ಜಂಬದೋಳು" ಅಂದ್ರು. ಪಕ್ಕದ ಯಜಮಾನ್ರು, "ಜಂಬ ಅಂದ್ರೆ ಜಂಬ. ಯಾರ ಮಾತೂ ಕೇಳಲ್ಲ" ಅಂದ್ರು. ಅವ್ರೂ ನೋಡಿಲ್ಲ.

"ಸೋಮವಾರ ನಿಲ್ಸು ಬಸ್ಸು" ಅಂದ್ಲು ಅಕ್ಕ. "ಬಯ್ಯೋಕೆ ಮಾತ್ರ. ಬೇರೆ ಎಲ್ಲಿಗೂ ಇಲ್ಲ."

ಸೋಮವಾರ ಅವಳನ್ನ ಇಬ್ರು ಎತ್ತಿ ಹತ್ತಿಸಿದ್ರು. ದಾರೀಲಿ ಹಾಡು ಹಾಕ್ಲಿಲ್ಲ ನಾನು. ಮಾರ್ಕೆಟ್ಟಲ್ಲಿ ಸುಲು ಅಂಗಡಿ ಮುಂದೆ ಸ್ಟೂಲ್ ಹಾಕಿ ಕೂರಿಸ್ದೆ. ಅಕ್ಕ ಬಯ್ಯೋಕೆ ಬಾಯಿ ತೆಗೆಯೋ ಮುಂಚೆ ಸುಲು ಅವಳ ಕಾಲ ಹತ್ರ ಕೂತ್ಬಿಟ್ಲು. ಸ್ಟೂಲ್ ಮೇಲೆ ಕೂರೋವಾಗ ಅಕ್ಕ ಅಯ್ಯಪ್ಪಾ ಅಂದಿದ್ದೇ ಸಾಕಾಯ್ತು, ಆ ದನಿ ಯಾರದ್ದು ಅಂತ ಗೊತ್ತಾಗೋಯ್ತು.

"ಇದಕ್ಕೆ ತಾಳ ಯಾಕೆ ಹಾಕ್ದೆ?" ಅಂತ ಕೇಳಿದ್ಲು ಅಕ್ಕ. ಬೀಸಣಿಗೆ ನಿಂತಿತ್ತು.

"ನಮ್ಮಮ್ಮನ ಕ್ಯಾಸೆಟ್ಟು ಅಮ್ಮ ಅದು. ಅಮ್ಮ ಹೋದ್ಮೇಲೆ ಅವಳ ಪೆಟ್ಟಿಗೇಲಿ ಸಿಕ್ತು. ಅಡುಗೆಮನೇಲಿ ಹಾಕಿದ್ರೆ ಬರೀ ಅಳು ಬರೋದು, ಸೋಪಿನ ಕೈಯಲ್ಲಿ ನಿಂತೇ ಬಿಡ್ತಿದ್ದೆ. ತಾಳ ಹಾಕಿದ್ಮೇಲೆ ಅಳ್ತಾ ಅಳ್ತಾನೇ ಪಾತ್ರೆ ತೊಳೆಯೋಕಾಯ್ತು."

ಅಕ್ಕನ ಬೀಸಣಿಗೆ ಮತ್ತೆ ಮೆಲ್ಲಗೆ ಆಡೋಕೆ ಶುರುವಾಯ್ತು. ಆಮೇಲೆ, "ಮೂರನೇ ಚರಣದಲ್ಲಿ ಓಡ್ತೀಯ" ಅಂದ್ಲು. "ಅಲ್ಲಿ ನಾವು ಉಸಿರು ಎಳೀತೀವಿ. ಕಾಯ್ಬೇಕು. ಎಲ್ಲಿ, ಹಾಕು." ಸುಲು ಹಾಕಿದ್ಲು. ಅಕ್ಕ ಊದಿದ ಬೆರಳಲ್ಲಿ ಗಾಜಿನ ಪೆಟ್ಟಿಗೆ ಮೇಲೆ ಬಡಿದು ತೋರಿಸಿದ್ಲು. ಸುಲು ಕಂಪ್ಯೂಟರಲ್ಲಿ ಏನೋ ಎಳೆದ್ಲು. ಅಲ್ಲ, ಇನ್ನೂ ಹಿಂದೆ. ಇನ್ನೂ. ಹಾಂ. ಮೀನು ಕೊಳ್ಳೋರು, ಗೆಡ್ಡೆ ಮಾರೋರು ಸುತ್ತ ನಿಂತ್ರು. ಒಬ್ಬ ಮೊದ್ಲಿನದೇ ಚೆನ್ನಾಗಿತ್ತು ಅಂದ. "ನಿನ್ನ ಕಿವೀಲಿ ಕೊಬ್ರಿ ಇದೆ" ಅಂದ್ಲು ಅಕ್ಕ. ನಂಗೆ ಜೀವ ಬಂದಂಗಾಯ್ತು.

ಅಷ್ಟು ಮಾಡೋಷ್ಟರಲ್ಲಿ ಉಸಿರು ಹತ್ತಿತು ಅವಳಿಗೆ. ಸುಲು ಕೇಳಿದ್ಲು, "ಕ್ಯಾಸೆಟ್ಟಿನ ಆ ಕಡೆ ಇನ್ನೂ ಹಾಡುಗಳಿವೆಯಲ್ಲ ಅಮ್ಮ, ಅವು?"

ಅಕ್ಕ ನನ್ನ ಕಡೆ ತಿರುಗಿದ್ಲು. "ಆಸ್ಪತ್ರೆ ಹತ್ರ ಬಿಡು. ಹೇಗೂ ಬಂದಾಯ್ತಲ್ಲ."

ಸಂಜೆ ಅವಳನ್ನ ಕರ್ಕೊಂಡು ಬರ್ತಿದ್ದೆ. ಸುಲು ಸರಿ ಮಾಡಿದ ಹಾಡು ಹಾಕಿದ್ದೆ, ಮೆಲ್ಲಗೆ. ಈ ಸಲ ಕಿವಿ ನೆಟ್ಟಗಿತ್ತು, ಶಂಖ ಕೇಳಿಸ್ತು. ಊರಾಚೆ ಹಲಸಿನಂಥ ಕಾಯಿ ಬಿಡುತ್ತಲ್ಲ, ದೀಗುಜ್ಜೆ ಮರ, ಅದರ ಕೆಳಗೆ ನಿಲ್ಲಿಸ್ದೆ. ಇಂಜಿನ್ ಆರಿಸ್ದೆ, ಪೆನ್ ಡ್ರೈವ್ ಕಿತ್ತೆ. ಸರಿಯಾಗಿ ಮೂರನೇ ಚರಣದಲ್ಲಿ ಹಾಡು ಕಟ್ಟಾಯ್ತು. ಎಲ್ರೂ ತಲೆ ತಗ್ಗಿಸಿದ್ರು. ನನ್ನ ಸೀಟಿನ ಹಿಂದೆ ಒಂದು ಬೆರಳು. ಟಕ್. ಟಕ್. ಉಸಿರು ಎಳೆಯೋ ಜಾಗದಲ್ಲಿ ಕಾಯ್ತು. ಮತ್ತೆ ಟಕ್. ಬೇರೆ ಯಾರಿಗೂ ಕೇಳ್ಸಲ್ಲ, ನನ್ನ ಬೆನ್ನಿಗೆ ಮಾತ್ರ ಗೊತ್ತಾಗ್ತಿತ್ತು. ಚರಣ ಪೂರ್ತಿ ಮುಗಿಸಿದ್ಲು.

ಮನೆ ಮುಂದೆ ತಿರೇಸಾ ಕೈ ಹಿಡಿದು ಇಳಿಸ್ಕೊಂಡ್ಲು. ನಾನು ಕಾಯ್ತಿದ್ದೆ, ಇವತ್ತಾದ್ರೂ ಹೂಂ ಅಂತಾಳೆ ಅಂತ.

"ಲೋ ಫಾತು" ಅಂದ್ಲು. "ಬುಧವಾರ ಬೇರೆ ಯಾವುದಾದ್ರೂ ತಾರೋ. ಇದಕ್ಕಿಂತ ಕೆಟ್ಟದ್ದು."

ತಂದೆ. ಆಮೇಲೆ ಎಷ್ಟೋ ಬುಧವಾರ ತಂದೆ.

ನಿನ್ನ ಆ ನೆಗಡಿ ಹಾಡು ಈಗ ಇನ್ನೊಂದ್ಸಲ ಕೇಳ್ದೆ ಮನಾಯಾ. ಅಳಿಸ್ಬೇಡ, ಇರ್ಲಿ. ಆದ್ರೆ ಎರಡನೇ ಸಾಲಲ್ಲಿ ಆ ಹುಡುಗಿ ಮಾಡಿದ್ದಾಳಲ್ಲ, ಅದಕ್ಕೆ ಕ್ಷಮೆ ಇಲ್ಲ. ನೀನು ಕೇಳಿದ ಹಾಡು ಆಮೇಲೆ ಕಳಿಸ್ತೀನಿ. ಬೆಳಿಗ್ಗೆ ರೈಲು ಹತ್ತಿದ ತಕ್ಷಣ ಫೋನ್ ಮಾಡು, ಬಯ್ಯೋದಿದೆ.