ಹನ್ನೊಂದು ತಪ್ಪು

ಟೈಲರಕ್ಕನ ಮುಖ ಬೆಳಗಿನ ಕಾಫಿ ಹೊತ್ತಿಗೇ ಸಪ್ಪಗಾಗಿತ್ತು. ಯಾರು ಬೇಕಾದರೂ ನೋಡಿ ಕತ್ತರಿಸಿ ಹೊಲಿಯುವಂಥ ಮಕ್ಕಳ ಕೋಟಿನ ನಮೂನೆಯೊಂದನ್ನು ಎರಡು ತಿಂಗಳು ಕಾಗದದ ಮೇಲೆ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು, ಹೊಲಿಗೆಯವರ ಆನ್‌ಲೈನ್ ಗುಂಪಿಗೆ ಹಾಕಿದ್ದಳು. ಗುಂಪಿನಲ್ಲಿ ಹತ್ತಾರು ದೇಶದವರು. ಯಾರೇನು ಬರೆದರೂ ಓದುವವರ ಭಾಷೆಗೆ ತಾನೇ ತಿರುಗುತ್ತಿತ್ತು. ಎಲ್ಲಕ್ಕಿಂತ ಒಳ್ಳೆಯ ನಮೂನೆ ಯಾರದೋ ಅವರಿಗೆ ಅಲ್ಲಿ ಪಾಠ ಹೇಳುವ ಕೆಲಸ. ಇಪ್ಪತ್ತು ವರ್ಷ ಮೆಷಿನ್ ತುಳಿದ ಮೊಣಕಾಲುಗಳು ಸಾಕು ತಾಯಿ ಅನ್ನುತ್ತಿದ್ದವು. ಆ ಕೆಲಸ ಅವಳಿಗೆ ಬೇಕೇ ಬೇಕಿತ್ತು.

ಮೊದಮೊದಲು ಬರೀ ಹೊಗಳಿಕೆ. ‘ಸೂಪರ್ ಅಕ್ಕಾ’, ‘ನಿಮ್ಮ ಕೈಗೆ ಬಂಗಾರದ ಬಳೆ ತೊಡಿಸಬೇಕು’, ಮೇಲೆ ರಾಶಿ ರಾಶಿ ಹೃದಯದ ಚಿತ್ರ. ಐದನೇ ವಾರ ದೂರದ ದೇಶದ ಹೆಂಗಸೊಬ್ಬಳು ಬರೆದಳು. ‘ಒಂದು: ಕಂಕುಳ ಗೆರೆ ಅರ್ಧ ಬೆರಳು ಒಳಗೆ ಬಂದಿದೆ. ಎರಡು: ಕಾಲರಿನ ತುದಿಗಳು ಸಮ ಇಲ್ಲ.’ ಹೀಗೇ ಹನ್ನೊಂದರವರೆಗೆ. ಒಂದು ನಮಸ್ಕಾರವಿಲ್ಲ, ಚೆನ್ನಾಗಿದೆ ಅನ್ನುವ ಮಾತಂತೂ ದುರ್ಬೀನು ಹಾಕಿ ಹುಡುಕಿದರೂ ಇಲ್ಲ.

ಟೈಲರಕ್ಕನ ಕಡೆಯವರ ರೂಢಿಯೇ ಬೇರೆ. ನಾಲ್ಕು ಜನರೆದುರು ಹೊಗಳಬೇಕು. ತಪ್ಪು ಕಂಡರೆ ಆಮೇಲೆ ಫೋನ್ ಮಾಡಿ, ಮನೆಮಂದಿಯ ಆರೋಗ್ಯವೆಲ್ಲ ವಿಚಾರಿಸಿ, ಇಡುವ ಮುಂಚೆ ‘ತೋಳು ಒಂಚೂರು ಬಿಗಿ’ ಅನ್ನಬೇಕು. ಎಲ್ಲರೆದುರು ತಪ್ಪು ಎಣಿಸಿದರೆ ಜಗಳಕ್ಕೆ ನಿಂತ ಹಾಗೆ. ಅದಕ್ಕೇ ಅವಳು ಆ ಹೆಂಗಸಿಗೆ ಪ್ರತ್ಯೇಕವಾಗಿ ಬರೆದಳು: ‘ನನ್ನಿಂದ ನಿಮಗೆ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ.’

ಹತ್ತೇ ನಿಮಿಷದಲ್ಲಿ ಉತ್ತರ ಬಂತು. ‘ಯಾವ ತಪ್ಪು? ಏಳನೆಯದೋ, ಒಂಬತ್ತನೆಯದೋ?’

“ನೋಡಿ ಅತ್ತೆ, ಗಾಯದ ಮೇಲೆ ಬರೆ ಎಳೀತಾಳೆ! ನಮೂನೆ ತೆಗೆದುಹಾಕ್ಬಿಡ್ತೀನಿ. ಪಾಠನೂ ಬೇಡ, ಮಾನ ಕಳ್ಕೊಳ್ಳೋದೂ ಬೇಡ.”

ಕಿಟಕಿಯ ಹತ್ತಿರ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. ಸೊಸೆ ಹೊಲಿದ ರವಿಕೆಗೆ ಇಪ್ಪತ್ತು ವರ್ಷದಿಂದ ‘ಚೆನ್ನಾಗಿದೆಯಮ್ಮ’ ಅನ್ನುವುದು ಬಿಟ್ಟರೆ ಆಕೆ ಬೇರೆ ಮಾತಾಡಿದವರಲ್ಲ.

“ಪೂರ್ತಿ ಓದು, ಕೇಳೋಣ.”

ಟೈಲರಕ್ಕ ಹಲ್ಲು ಕಚ್ಚಿಕೊಂಡು ಓದಿದಳು. ಎಂಟು: ಮಗು ಕೈ ಎತ್ತಿದರೆ ಬೆನ್ನು ಎಳೆಯುತ್ತದೆ. ಹನ್ನೊಂದು: ಮೂರನೇ ಸಲ ಒಗೆದ ಮೇಲೆ ಲೈನಿಂಗ್ ಕುಗ್ಗಿತು, ಬಟ್ಟೆ ನೆನೆಸಿ ಕತ್ತರಿಸಿ ಎಂದು ನೀವು ಹೇಳಿಲ್ಲ.

“ಅಲ್ಲ ಕಣೇ,” ಅಂದರು ಅತ್ತೆ, “ಬೇಡದ ಕೋಟನ್ನ ಯಾರಾದ್ರೂ ಮೂರು ಸಲ ಒಗೀತಾರಾ?”

ಅಳಿಸಲು ಹೊರಟ ಬೆರಳು ಅಲ್ಲೇ ನಿಂತಿತು. ಹೌದಲ್ಲ! ಈ ಹೆಂಗಸು ಕತ್ತರಿಸಿದ್ದಾಳೆ, ಹೊಲಿದಿದ್ದಾಳೆ, ಮಗುವಿಗೆ ತೊಡಿಸಿದ್ದಾಳೆ, ಕೊಳೆಯಾದಾಗಲೆಲ್ಲ ಒಗೆದಿದ್ದಾಳೆ. ಹಾಗಾದರೆ ಹೃದಯ ಹಾಕಿದವರು? ಮೊಟ್ಟಮೊದಲು ಹಾಕಿದ್ದು ಅವಳ ನಾದಿನಿ. ತಕ್ಷಣ ಫೋನ್ ಮಾಡಿದಳು.

“ಕೋಟು ಹೊಲಿದ್ಯೇನೇ?”

“ಅಯ್ಯೋ ಅತ್ತಿಗೆ, ತೆರೆದೇ ನೋಡಿಲ್ಲ! ನಿಮ್ದು ಅಂದ್ಮೇಲೆ ಚೆನ್ನಾಗೇ ಇರುತ್ತೆ ಅಂತ ಹಾಕ್ದೆ.”

ಟೈಲರಕ್ಕ ಬಿಗುಮಾನ ಬದಿಗಿಟ್ಟು ದೂರದವಳಿಗೆ ಮತ್ತೆ ಬರೆದಳು: ‘ಕೋಟು ನಿಮಗೆ ಇಷ್ಟವಾಯಿತೇ?’

‘ಇಷ್ಟವಾಗದಿದ್ದರೆ ಹನ್ನೊಂದು ಯಾಕೆ ಬರೆಯಲಿ? ಕೆಟ್ಟ ನಮೂನೆಗೆ ನಾನು ಒಂದು ಸಾಲೂ ಬರೆಯುವುದಿಲ್ಲ. ಮಗಳು ಬಿಚ್ಚಲು ಕೊಡುತ್ತಿಲ್ಲ, ಎರಡನೆಯದು ಹೊಲಿಯುತ್ತಿದ್ದೇನೆ.’ ಜೊತೆಗೊಂದು ಫೋಟೋ: ಪುಟ್ಟ ಹುಡುಗಿ ಎರಡೂ ಕೈ ಮೇಲೆತ್ತಿ ನಗುತ್ತಿದ್ದಾಳೆ. ಕೋಟಿನ ಬೆನ್ನು ನಿಜವಾಗಿಯೂ ಎಳೆದಿತ್ತು.

ಟೈಲರಕ್ಕನಿಗೆ ಹೋದ ಜೀವ ಬಂದಂತಾಯಿತು. ನಕ್ಕಳು, ಕಣ್ಣೂ ಒರೆಸಿಕೊಂಡಳು. ನಾಲ್ಕು ದಿನ ಕೂತು ಹನ್ನೊಂದನ್ನೂ ತಿದ್ದಿ ಹಾಕಿದಳು. ಮರುದಿನವೇ ಗುಂಪಿನ ಮುಖ್ಯಸ್ಥರ ಪತ್ರ: ‘ಬಂದ ನಮೂನೆಗಳಲ್ಲಿ ಯಾರೋ ಹೊಲಿದು ನೋಡಿದ್ದು ನಿಮ್ಮದೊಂದನ್ನೇ. ಪಾಠ ನೀವೇ ಹೇಳಿ.’

ಸುದ್ದಿ ಕೇಳಿ ಅತ್ತೆ ಖುಷಿಯಿಂದ ಸೊಸೆಯ ಬೆನ್ನು ತಟ್ಟಿದರು. ಸೊಸೆ ಅವರ ರವಿಕೆಯನ್ನೇ ನೋಡಿದಳು.

“ಅತ್ತೆ, ನಿಜ ಹೇಳಿ. ಇಷ್ಟು ವರ್ಷ ನನ್ನ ಹೊಲಿಗೆ ಹೇಗಿತ್ತು?”

ಅತ್ತೆ ಗುಂಡಿಯ ಡಬ್ಬಿಗೆ ಮುಚ್ಚಳ ಹಾಕಿ ಪಕ್ಕಕ್ಕೆ ಸರಿಸಿದರು.

“ಪೆನ್ಸಿಲ್ ತಗೊಂಡು ಬಾ.”