ಕಡಲು ಇಳಿದ ಹೊತ್ತಿಗೆ ಸಭೆ

"ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಗಾಬೆಸ್ ಪಟ್ಟಣದ ಹೋಟೆಲಿನಲ್ಲಿ ಸಭೆ" ಎಂದು ಇನ್ಸಾಫ್ ಅಂಗಳದಲ್ಲಿ ಕೂತು ಓದಿದಾಗ ನನಗೆ ಮೈಯೆಲ್ಲ ಉರಿಯಿತು. ನಮ್ಮಂಥ ಹಳ್ಳಿ ಸಂಘಗಳನ್ನೂ ಕಡಲಿಗಿಳಿಯುವವರ ಜೀವ ಕಾಯುವ ಯಂತ್ರ ಕಟ್ಟುವ ಇಂಜಿನಿಯರುಗಳನ್ನೂ ಒಂದೇ ಕಡೆ ಕೂರಿಸಬೇಕೆಂದು ಸ್ಫಾಕ್ಸ್ ನಗರದಿಂದ ಓಡಾಡುತ್ತಿದ್ದ ಹುಡುಗಿ ಅವಳು.

"ಅಲ್ಲ ಕಣೇ, ಆ ಹೊತ್ತಿಗೆ ಕಡಲು ಇಳಿದಿರುತ್ತೆ. ನಮ್ಮ ಹೆಂಗಸರೆಲ್ಲ ಕೆಸರಲ್ಲಿ ಕಪ್ಪೆಚಿಪ್ಪು ಕೆದಕ್ತಿರ್ತಾರೆ. ನಿನ್ನ ಹೋಟೆಲಿಗೆ ಯಾರು ಬರ್ತಾರೆ, ನನ್ನ ಕತ್ತೇನಾ?"

"ಒಂದು ದಿನ ರಜೆ ಹಾಕೋಕಾಗಲ್ವಾ, ಸಾಲ್ಹಾ ಚಿಕ್ಕಮ್ಮ?"

"ರಜೆ ಕೊಡೋಕೆ ಕಡಲೇನು ನಿಮ್ಮಪ್ಪನ ಆಫೀಸಾ?"

ಅವಳು ನಕ್ಕು ತಾರೀಖು ಹೊಡೆದುಹಾಕಿದಳು. ಅದಕ್ಕೇ ಅವಳನ್ನು ಕಂಡರೆ ನನಗೆ ಇಷ್ಟ.

ನನ್ನ ಚಿಂತೆ ತಾರೀಖಿನದಲ್ಲ. ಹೋದ ಚಳಿಗಾಲ ಇದ್ದಕ್ಕಿದ್ದಂತೆ ಮಂಜು ಕವಿದು, ನೀರು ಏರಿ ಬಂದಾಗ, ಚಿಪ್ಪು ಕೆದಕಲು ಹೋಗಿದ್ದ ನಮ್ಮ ಶೆಲ್ಬಿಯಾ ಮತ್ತೆ ದಡ ಸೇರಲಿಲ್ಲ. ಜೊತೆಗಿದ್ದ ಅವಳ ಅಕ್ಕ ಮಬ್ರೂಕಾ ಬದುಕಿ ಬಂದಳು. ಅಂದಿನಿಂದ ಅವಳು ನೀರಿಗಿಳಿದಿಲ್ಲ, ಆ ದಿನದ ಬಗ್ಗೆ ತುಟಿ ಬಿಚ್ಚಿಲ್ಲ. ಅವಳು ಹೇಳದಿದ್ದರೆ ಇಂಜಿನಿಯರುಗಳ ಮುಂದೆ ನಾನು ಏನೆಂದು ಕೇಳಲಿ? ಅವಳನ್ನು ಕೆಣಕಲು ನನಗೆ ಧೈರ್ಯವಿರಲಿಲ್ಲ. ಆ ದಿನ ದಡ ಯಾವ ಕಡೆ ಎಂದು ಅವರಿಗೆ ತಿಳಿಯಲಿ ಅಂತ ದಡದಲ್ಲಿ ನಿಂತು ಬಕೆಟ್ ಬಡಿದವಳು ನಾನೇ. ಇನ್ನೂ ಜೋರಾಗಿ ಬಡಿಯಬೇಕಿತ್ತೇನೋ ಎಂಬ ಸಂಕಟ ನನ್ನನ್ನು ಒಳಗೇ ತಿನ್ನುತ್ತಿತ್ತು.

"ದಡದಲ್ಲಿ ದೊಡ್ಡ ಸೈರನ್ ಇಟ್ರೆ ಸಾಕಲ್ವಾ?" ಎಂದಳು ಇನ್ಸಾಫ್, ಬರೆಯುತ್ತ.

"ಸಾಲಲ್ಲ."

ಅಂಗಳದ ಮಣ್ಣಿನ ಒಲೆಯ ಪಕ್ಕ ಕೂತಿದ್ದ ಮಬ್ರೂಕಾ ಅಂದಳು. ರೊಟ್ಟಿ ತೆಗೆಯುವ ಕೈ ನಿಲ್ಲಲಿಲ್ಲ. "ಮಂಜಲ್ಲಿ ಸದ್ದು ನಾಲ್ಕೂ ಕಡೆಯಿಂದ ಬರುತ್ತೆ. ನಾನು ಅವಳನ್ನ ಕೂಗ್ದೆ, ಅವಳು ನನ್ನ ಕೂಗಿದ್ಲು. ಇಬ್ರೂ ದನಿ ಹಿಡ್ಕೊಂಡು ನಡೆದ್ವಿ. ನಡೆದಷ್ಟೂ ದೂರ ಆದ್ವಿ. ದಡ ಯಾವ ಕಡೆ ಅಂತ ಕಿವಿಗಲ್ಲ, ಕೈಗೆ ಗೊತ್ತಾಗ್ಬೇಕು. ಮಣಿಕಟ್ಟಿಗೆ ಕಟ್ಕೊಳ್ಳೋ ಏನಾದ್ರೂ ಮಾಡ್ಲಿ, ದಡಕ್ಕೆ ಮುಖ ಮಾಡಿದ್ರೆ ಅದುರೋ ಹಾಗೆ."

ಇನ್ಸಾಫಳ ಪೆನ್ನು ನಿಂತಿತು. ನನಗೆ ತಡೆಯಲಾಗಲಿಲ್ಲ.

"ನನ್ನ ಬಕೆಟ್ ಸದ್ದು ಕೇಳಿಸ್ತಾ, ಮಬ್ರೂಕಾ?"

"ಕೇಳಿಸ್ತು."

"ದಾರಿ ತಪ್ಪಿಸ್ತಾ?"

"ತಪ್ಪಿಸ್ತು."

ಅವಳು ಎದ್ದು ಬಂದು, ಬಿಸಿ ರೊಟ್ಟಿ ಮುರಿದು ನನ್ನ ಕೈಗಿಟ್ಟಳು.

"ಆದ್ರೆ ನೀನು ನಿಲ್ಲಿಸ್ಲಿಲ್ಲ ನೋಡು. ಯಾರೋ ಕಾಯ್ತಿದ್ದಾರೆ ಅಂತ ನಾನೂ ನಡೀತಾನೇ ಇದ್ದೆ. ಸದ್ದು ನಿಂತಿದ್ರೆ ಅಲ್ಲೇ ಕೂತ್ಬಿಡ್ತಿದ್ದೆ, ಪೆದ್ದಿ."

ನಾನು ಅತ್ತುಬಿಟ್ಟೆ. ಆ ಹುಡುಗಿಯ ಮುಂದೆಯೇ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡು.

ಮಬ್ರೂಕಾ ಇನ್ಸಾಫಳ ಕಡೆ ತಿರುಗಿದಳು. "ಹೋಟೆಲಿಗೆ ನಾನು ಬರಲ್ಲಮ್ಮ. ಕಡಲು ಇಳಿದ ಹೊತ್ತಿಗೆ ಅವರನ್ನೇ ಇಲ್ಲಿಗೆ ಕರ್ಕೊಂಡು ಬಾ. ಬೂಟು ಬಿಚ್ಚೋಕೆ ಹೇಳು. ನಾವು ನಿಂತಿದ್ದ ಜಾಗ ತೋರಿಸ್ತೀನಿ."

ಇನ್ಸಾಫ್ ಹೋಟೆಲಿನ ಹೆಸರನ್ನೂ ಹೊಡೆದುಹಾಕಿದಳು. ಮಾತಾಡುವವರ ಸಾಲಿನಲ್ಲಿ ಮಬ್ರೂಕಾ ಎಂದು ಬರೆದಳು.

"ಕೆಸರಿಗೆ ಇಳೀತೀಯಾ ನೀನು?" ಎಂದೆ, ಮೂಗು ಒರೆಸಿಕೊಳ್ಳುತ್ತ.

"ನೀನೂ ಬಾ," ಎಂದಳು. "ಒಬ್ಬಳೇ ಆಗಲ್ಲ ನನಗೆ."